ಕಲ್ನಾರಿಗೆ ಯಜಮಾನ ಯಾರು?

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಒಂದು ಚೆಂದದ ಹೆಸರಿದೆ: ಕಲ್ನಾರು. ಕಲ್ಲೇ ನಾರಾಗಿರೋದು. ಹೇಳಿದ ಕೂಡಲೇ ವಸ್ತು ಎಂಥದ್ದು ಅಂತ ಅರ್ಧ ಗೊತ್ತಾಗಿಬಿಡುತ್ತೆ. ಆದರೆ ನಮ್ಮ ಹೊನ್ನವಳ್ಳಿ ಹೋಬಳಿಯಲ್ಲಾಗಲಿ, ಆಚೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಾಗಲಿ ಆ ಹೆಸರು ಯಾರ ಬಾಯಲ್ಲೂ ಬರಲ್ಲ. ಅಂಗಡಿಯಲ್ಲಿ ಅದು ‘ಸಿಮೆಂಟ್ ಶೀಟು’. ಮನೆಯಲ್ಲಿ ಬರೀ ‘ಶೀಟು’. ಸಿಮೆಂಟು ಅಂದಮೇಲೆ ಯಾರಿಗೆ ತಾನೇ ಭಯ? ಮನೆ ಕಟ್ಟೋದೇ ಅದರಲ್ಲಿ. ಹೀಗಾಗಿ ಆ ಶೀಟಿನೊಳಗೆ ಕಲ್ನಾರು ಇದೆ ಅನ್ನೋದಾಗಲಿ, ಅದನ್ನು ಕತ್ತರಿಸಿದಾಗ ಏಳೋದು ಮಾಮೂಲಿ ಧೂಳಲ್ಲ ಅನ್ನೋದಾಗಲಿ ಅದನ್ನು ದಿನಾ ಕತ್ತರಿಸೋ ಮನುಷ್ಯನಿಗೇ ಗೊತ್ತಿರಲ್ಲ.

ಈ ಬರಹ ಆ ಮನುಷ್ಯನ ಬಗ್ಗೆ. ಅವನಿಗೆ ಯಜಮಾನ ಯಾರು, ಅವನ ಶ್ವಾಸಕೋಶಕ್ಕೆ ಕಾನೂನಿನ ಪ್ರಕಾರ ಹೊಣೆ ಯಾರು ಅನ್ನೋದರ ಬಗ್ಗೆ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ. ನಮ್ಮ ದೇಶದಲ್ಲಿ ಕಲ್ನಾರಿನ ಕಾನೂನು ಕಾರ್ಖಾನೆಯ ಗೇಟಿನ ತನಕ ಬಂದು ನಿಂತುಬಿಟ್ಟಿದೆ. ಶೀಟು ಮಾತ್ರ ಗೇಟು ದಾಟಿ, ಲಾರಿ ಹತ್ತಿ, ಊರೂರಿಗೆ ಬರುತ್ತೆ. ಗೇಟಿನಾಚೆ ಅದನ್ನು ಕತ್ತರಿಸೋನ ಪಾಲಿಗೆ ಹೊಣೆಗಾರ ಅನ್ನೋನೇ ಇಲ್ಲ. ಇದನ್ನ ಕಾನೂನಿನ ಮರೆವು ಅಂತ ಕರೆಯೋಕೆ ನಾನು ತಯಾರಿಲ್ಲ. ಇದರಿಂದ ಅನುಕೂಲ ಆಗ್ತಿರೋರು ಇದ್ದಾರೆ, ಮತ್ತು ಬೆಂಗಳೂರಲ್ಲಿ ಸಂಬಳ ತಗೊಂಡು ಊರಿನ ಶೆಡ್ಡಿಗೆ ದುಡ್ಡು ಕಳಿಸೋ ನಮ್ಮಂಥವರೂ ಆ ಸಾಲಿನಲ್ಲಿದ್ದೀವಿ.

ತೆಂಗಿನ ಸೀಮೆಗೂ ಶೀಟಿಗೂ ಇರೋ ನಂಟು ಹೊರಗಿನವರಿಗೆ ತಕ್ಷಣ ಹೊಳೆಯಲ್ಲ. ನಮ್ಮದು ಉಂಡೆ ಕೊಬ್ಬರಿ. ಕಾಯಿ ಕೆಡವಿ, ಸುಲಿಯದೆ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಡ್ತೀವಿ. ಒಳಗಿನ ನೀರು ತಾನಾಗೇ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಒಳಗೇ ಗಡಗಡ ಅನ್ನಬೇಕು. ಅಲ್ಲೀತನಕ ಅದಕ್ಕೆ ಮಳೆ ನೀರು ತಾಗಬಾರದು. ತಾಗಿದರೆ ಕೌಟು ಹಿಡೀತು ಅಂತಲೇ ಲೆಕ್ಕ. ಕೌಟು ಕೊಬ್ಬರಿಗೆ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಯಾರು ಬೆಲೆ ಕಟ್ತಾರೆ? ಹಾಗಾಗಿ ಸೂರು ಅಂದ್ರೆ ನಮಗೆ ವರ್ಷದ ದುಡಿಮೆಯ ಕಾವಲು. ಹಿಂದೆ ಹೆಂಚಿತ್ತು. ಹೆಂಚನ್ನ ಕೋತಿ ಎಳೆದುಹಾಕುತ್ತೆ, ವರ್ಷಕ್ಕೊಂದು ಸಲ ಕೈಯಾಡಿಸಬೇಕು, ಕೈಯಾಡಿಸೋರು ಸಿಗಲ್ಲ. ಬರೀ ತಗಡು ಹಾಕಿದರೆ ಬಿಸಿಲಿಗೆ ಕೆಂಡ. ಶೀಟು ಅಗ್ಗ, ನಾಲ್ಕು ಜನ ಸೇರಿದರೆ ಎರಡು ದಿನಕ್ಕೆ ಕೆಲಸ ಮುಗೀತು. ಅಟ್ಟಕ್ಕೆ ಶೀಟು, ಕೊಟ್ಟಿಗೆಗೆ ಶೀಟು, ಮಟ್ಟೆ ಒಟ್ಟೋ ಶೆಡ್ಡಿಗೆ ಶೀಟು, ನಾರಿನ ಮಿಲ್ಲಿಗೆ, ಕಾಯಿ ಪುಡಿ ಫ್ಯಾಕ್ಟರಿಗೆ, ಬಾಡಿಗೆಗೆ ಕೊಡೋ ಸಾಲು ಮನೆಗಳಿಗೂ ಅದೇ.

ತೋಟದೊಳಗಿನ ಸೂರಿಗೆ ಇನ್ನೊಂದು ಕಾಟ ಇದೆ. ಮರದ ತುದಿಯಿಂದ ಕಾಯಿ ಬೀಳುತ್ತೆ, ಒಣಗಿದ ಗರಿ ಬೀಳುತ್ತೆ. ಶೀಟು ಒಡೆಯುತ್ತೆ. ಒಡೆದದ್ದನ್ನು ಕಿತ್ತು, ಹೊಸದನ್ನು ಅಳತೆಗೆ ಕತ್ತರಿಸಿ, ತೂತು ಕೊರೆದು, ಜೆ ಬೋಲ್ಟ್ ಬಿಗಿದು ಕೂರಿಸಬೇಕು. ಬಯಲು ಸೀಮೆಯ ಬೇರೆ ಊರಿನಲ್ಲಿ ಒಂದು ಸಲ ಹೊದಿಸಿದ ಶೀಟು ಇಪ್ಪತ್ತು ವರ್ಷ ಸುಮ್ಮನೆ ಮಲಗಿರಬಹುದು. ನಮ್ಮಲ್ಲಿ ಅದು ಒಡೀತಾನೇ ಇರುತ್ತೆ. ಈ ಕೆಲಸವನ್ನೇ ನಂಬಿಕೊಂಡು ಬದುಕೋ ಫಿಟ್ಟರ್‌ಗಳಿದ್ದಾರೆ.

ಅಂಥ ಒಬ್ಬರನ್ನ ಹೋದ ಬೇಸಿಗೆಯಲ್ಲಿ ಮಾತಾಡಿಸಿದೆ. ಹೊನ್ನವಳ್ಳಿ ಹತ್ತಿರದ ಒಂದು ತೋಟದ ಮನೆ, ಹೊಸ ಕೊಬ್ಬರಿ ಅಟ್ಟ. ಕೆಳಗೆ ಇಬ್ಬರು ಶೀಟು ಹಿಡಿದಿದ್ದರು, ಇವರು ಕಟ್ಟಿಂಗ್ ಮಷಿನ್ ಹಚ್ಚಿದ್ದರು. ಬ್ಲೇಡು ತಾಗಿದ ಕಡೆಯಿಂದ ಹಿಟ್ಟಿನ ಗಿರಣಿಯ ಥರ ಬಿಳಿ ಧೂಳು ಏಳ್ತಿತ್ತು. ಹುಬ್ಬು ಬೆಳ್ಳಗಾಗಿತ್ತು. ಮೂಗಿಗೆ ಕಟ್ಟಬೇಕಾಗಿದ್ದ ಟವಲು ತಲೆಗೆ ಸುತ್ತಿಕೊಂಡಿದ್ದರು, ಬಿಸಿಲಿಗೆ.

“ಅಣ್ಣಾ, ಈ ಧೂಳು ಕುಡಿದ್ರೆ ಏನೂ ಆಗಲ್ವಾ?” ಅಂದೆ.

“ಅಯ್ಯೋ ಬಿಡಪ್ಪ, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಸಂಜೆ ಒಂದು ಉಂಡೆ ಬೆಲ್ಲ ತಿಂದ್ರೆ ಎಲ್ಲಾ ಇಳಿದುಹೋಗುತ್ತೆ.”

“ಅಂಗಡಿಯೋರು, ಕಂಪನಿಯೋರು ಏನೂ ಹೇಳಲ್ವಾ?”

“ಹೇಳ್ತಾರಲ್ಲ, ನೋಡ್ಕೊಂಡು ಇಳಿಸ್ಕೊಳ್ಳಿ, ಒಡೆದೋದ್ರೆ ವಾಪಸ್ ಇಲ್ಲ ಅಂತ.”

ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ ಅಂತ ಅವರು ಹೇಳಿದ್ದು ಸುಳ್ಳಲ್ಲ. ಕಲ್ನಾರಿನ ಕೇಡು ಇರೋದೇ ಅಲ್ಲಿ. ಒಡೆದ ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳೀತವೆ. ಬೆಲ್ಲಕ್ಕಾಗಲಿ ಬಾಳೆಹಣ್ಣಿಗಾಗಲಿ ಅಲ್ಲಿಗೆ ದಾರಿ ಇಲ್ಲ. ಹೋಗೋದು ಹೊಟ್ಟೆಗೆ, ಧೂಳು ಇರೋದು ಎದೆಯಲ್ಲಿ. ವರ್ಷಗಟ್ಟಲೆ ಧೂಳು ಕುಡಿದರೆ ಶ್ವಾಸಕೋಶ ಗಡುಸಾಗಿ ಉಸಿರು ಸಣ್ಣದಾಗ್ತಾ ಹೋಗೋ ಆಸ್ಬೆಸ್ಟೋಸಿಸ್. ಇನ್ನೊಂದು, ಶ್ವಾಸಕೋಶದ ಕ್ಯಾನ್ಸರ್. ಬೀಡಿ ಸಿಗರೇಟು ಸೇದೋರಿಗೆ ಈ ಅಪಾಯ ಎಷ್ಟೋ ಪಟ್ಟು. ಮೂರನೆಯದು ಮೀಸೋಥೀಲಿಯೋಮಾ, ಶ್ವಾಸಕೋಶದ ಸುತ್ತಲಿನ ಪೊರೆಗೆ ಬರೋ ಕ್ಯಾನ್ಸರ್. ಇವು ತಲೆ ಎತ್ತೋಕೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಎಲ್ಲ ಬಗೆಯ ಕಲ್ನಾರನ್ನೂ, ಅಂದ್ರೆ ನಮ್ಮ ಶೀಟಿನಲ್ಲಿರೋ ಬಿಳಿ ಕಲ್ನಾರನ್ನೂ ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನೋ ಮೊದಲನೇ ಗುಂಪಿಗೆ ಹಾಕಿದೆ. ಧೂಳು ಅವನೊಬ್ಬನಲ್ಲೇ ನಿಲ್ಲೋದೂ ಇಲ್ಲ. ಗಂಡನ ಕೆಲಸದ ಬಟ್ಟೆ ಒಗೆದು ಒಗೆದು ಕಾಯಿಲೆ ಬಿದ್ದ ಹೆಂಗಸರ ಲೆಕ್ಕ ಲಂಡನ್ನಿನ ವೈದ್ಯರು 1965ರಲ್ಲೇ ಬರೆದಿಟ್ಟಿದ್ದಾರೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಶೀಟಿನಲ್ಲಿ ಕಲ್ನಾರು ಇರೋದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ಸಿಮೆಂಟು ವಗೈರೆ. ಒಡೆಯದೆ, ಕೊರೆಯದೆ, ಸವೆಯದೆ ತಲೆ ಮೇಲಿರೋ ಶೀಟಿನಿಂದ ಅಪಾಯ ಕಡಿಮೆ. ನಿಮ್ಮ ಅಜ್ಜಿ ಮನೆಯ ಸೂರನ್ನ ನಾಳೆಯೇ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಹಾಗೆ ಅವಸರಕ್ಕೆ ಕೀಳೋದರಲ್ಲೇ ಹೆಚ್ಚು ಅಪಾಯ. ನನ್ನ ಜಗಳ ಇರೋದು ಕತ್ತರಿಸೋ, ಕೊರೆಯೋ, ಒಡೆಯೋ, ಉಜ್ಜೋ ಗಳಿಗೆ ಜೊತೆ. ಆ ಗಳಿಗೆಗೆ ಹೆಸರೇ ಕೂಲಿ ಕೆಲಸ.

ಈಗ ಕಾನೂನಿಗೆ ಬರೋಣ. ಕಾನೂನು ಇಲ್ಲವೇ ಇಲ್ಲ ಅಂತ ಗೊಣಗೋದು ಸುಲಭ. ಇದೆ, ಮತ್ತು ಕಾಗದದ ಮೇಲೆ ಚೆನ್ನಾಗೇ ಇದೆ.

ಭೋಪಾಲ್ ಆದಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯವನ್ನೇ ಸೇರಿಸಿದರು. ಅದರಲ್ಲಿ ಕಾರ್ಖಾನೆಯ ಯಜಮಾನನ ಕರ್ತವ್ಯಗಳನ್ನು ಒಂದೊಂದಾಗಿ ಬರೆದಿದ್ದಾರೆ. ಕೆಲಸಕ್ಕೆ ಸೇರಿಸೋ ಮೊದಲು ಕೆಲಸಗಾರನ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಸೇರಿದ ಮೇಲೆ ಹನ್ನೆರಡು ತಿಂಗಳು ಮೀರದಂತೆ ಮತ್ತೆ ಮತ್ತೆ ಮಾಡಿಸಬೇಕು. ಅವನ ಆರೋಗ್ಯದ ದಾಖಲೆ ಇಡಬೇಕು, ಕೇಳಿದರೆ ಅವನಿಗೆ ತೋರಿಸಬೇಕು. ಆಸ್ಬೆಸ್ಟೋಸಿಸ್ ಕಂಡುಬಂದರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. 1923ರ ಪರಿಹಾರ ಕಾಯ್ದೆಯ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲೂ ಅದು ಇತ್ತು.

ಇನ್ನು ಸುಪ್ರೀಂ ಕೋರ್ಟು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಕೇಂದ್ರ ಸರ್ಕಾರದ ವಿರುದ್ಧ ಹಾಕಿದ್ದ ಅರ್ಜಿಯಲ್ಲಿ 1995ರ ಜನವರಿ 27ರಂದು ಕೋರ್ಟು ಕೊಟ್ಟ ತೀರ್ಪು ಇವತ್ತಿಗೂ ಓದುವಂಥದ್ದು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯೊಳಗೆ ಬರುತ್ತೆ ಅಂತ ಅದು ಸಾರಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲೀತನಕ ಇಟ್ಟಿರಬೇಕು ಅಂದಿತು. ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ ಮಾಡಿತು. ರೋಗ ಖಚಿತವಾದವರಿಗೆ ತಲಾ 1 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ಸಣ್ಣ ಪುಟ್ಟ ಘಟಕಗಳನ್ನೂ ಈ ರಕ್ಷಣೆಯೊಳಗೆ ತರೋ ಬಗ್ಗೆ ಯೋಚಿಸಿ ಅಂತ ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ಕಲ್ನಾರನ್ನೇ ಪೂರ್ತಿ ನಿಷೇಧಿಸಿ ಅಂತ ಮತ್ತೊಂದು ಅರ್ಜಿ ಹೋದಾಗ, 2011ರ ಜನವರಿಯಲ್ಲಿ ಕೋರ್ಟು ಅದಕ್ಕೆ ಒಪ್ಪಲಿಲ್ಲ. ಆದರೆ 1995ರ ನಿರ್ದೇಶನಗಳನ್ನ ಚಾಚೂತಪ್ಪದೆ ಪಾಲಿಸಿ ಅಂತ ಮತ್ತೆ ಹೇಳಿತು.

ಈ 40 ವರ್ಷದ ಮಾತನ್ನ ಒಂದು ನಿಮಿಷ ಯೋಚಿಸಿ. ರೋಗ ತಡವಾಗಿ ಬರುತ್ತೆ, ಅಷ್ಟೊತ್ತಿಗೆ ಸಾಕ್ಷಿ ಅಳಿಸಿಹೋಗಿರುತ್ತೆ ಅಂತ ಗೊತ್ತಿದ್ದೇ ನ್ಯಾಯಮೂರ್ತಿಗಳು ಆ ಅಂಕಿ ಇಟ್ಟರು. ಈಗ ಆ ಅಂಕಿಯನ್ನ ತೋಟದ ಮನೆಗೆ ತಂದು ನೋಡಿ. ನಾನು ಮಾತಾಡಿಸಿದ ಫಿಟ್ಟರ್ ಇವತ್ತು ಹೊನ್ನವಳ್ಳಿ, ನಾಳೆ ಹುಳಿಯಾರು, ನಾಳಿದ್ದು ಅರಸೀಕೆರೆ. ಎಷ್ಟು ಸೂರಿಗೆ ಶೀಟು ಹೊದಿಸಿದ್ದಾರೆ ಅಂತ ಅವರಿಗೇ ಲೆಕ್ಕ ಇಲ್ಲ. ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ, ಎದೆಯ ಎಕ್ಸ್‌ರೇ ಯಾವತ್ತೂ ತೆಗೆದಿಲ್ಲ. ಅರವತ್ತನೇ ವಯಸ್ಸಿಗೆ ಉಸಿರು ಕಟ್ಟಿದರೆ ಯಾವ ಬಾಗಿಲು ತಟ್ಟಬೇಕು? ನಮ್ಮ ಕಡೆ ಕೊಬ್ಬರಿ ವ್ಯಾಪಾರಿ ಯಾವ ರೈತ ಯಾವ ವರ್ಷ ಎಷ್ಟು ಚೀಲ ಹಾಕಿದ್ದ ಅಂತ ಹಳೇ ಪುಸ್ತಕ ತೆಗೆದು ಹೇಳ್ತಾನೆ. ಕಾಯಿಗೆ ಲೆಕ್ಕ ಇದೆ, ಕಾಯಿ ಕಾಯೋ ಸೂರಿಗೆ ಬಿಲ್ ಇದೆ, ಸೂರು ಹೊದಿಸಿದ ಮನುಷ್ಯನ ಉಸಿರಿಗೆ ಒಂದು ಸಾಲೂ ಇಲ್ಲ.

ಯಾಕೆ ಇಲ್ಲ? ಕಾರ್ಖಾನೆ ಕಾಯ್ದೆಯಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಕರೆಂಟ್ ಬಳಸೋ ಕಡೆ 10 ಜನ, ಬಳಸದಿದ್ದರೆ 20 ಜನ ಇರಬೇಕಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಗೂ 10 ಜನ ಬೇಕಿತ್ತು, ಜೊತೆಗೆ 10 ಲಕ್ಷ ರೂಪಾಯಿ ಒಳಗಿನ ಸ್ವಂತ ಮನೆ ಕೆಲಸಕ್ಕೆ ಅದು ಅನ್ವಯಿಸ್ತಿರಲಿಲ್ಲ. ನಾಲ್ಕು ಜನ ಸೇರಿ ಎರಡು ದಿನದಲ್ಲಿ ಮುಗಿಸೋ ಅಟ್ಟದ ಸೂರು ಇದರಲ್ಲಿ ಯಾವ ಬಲೆಗೂ ಬೀಳಲ್ಲ. ಈ ಕಾಯ್ದೆಗಳೆಲ್ಲ ಈಗ 2020ರ ಕಾರ್ಮಿಕ ಸಂಹಿತೆಗಳೊಳಗೆ ಕರಗಿವೆ. 2025ರ ನವೆಂಬರ್ 21ರಿಂದ ಅವು ಜಾರಿಯಲ್ಲಿವೆ. ಹೊಸ ಸಂಹಿತೆ ಕಾರ್ಖಾನೆ ಅನ್ನೋದಕ್ಕೆ ಬೇಕಾದ ತಲೆಗಳನ್ನ 10ರಿಂದ 20ಕ್ಕೆ, 20ರಿಂದ 40ಕ್ಕೆ ಏರಿಸಿತು. ಅಂದ್ರೆ ಬಲೆಯ ಕಣ್ಣು ಇನ್ನಷ್ಟು ದೊಡ್ಡದಾಯ್ತು. ಧೂಳಿಗೆ ತಲೆ ಎಣಿಸಿ ಗೊತ್ತಾ? ಹತ್ತು ಜನ ಇದ್ದರೆ ಮಾತ್ರ ಮೂಗಿಗೆ ಹೋಗ್ತೀನಿ, ಮೂರು ಜನ ಇದ್ದರೆ ಬಿಟ್ಟುಬಿಡ್ತೀನಿ ಅನ್ನುತ್ತಾ?

ಪರಿಹಾರದ ಕಾನೂನಿನಲ್ಲಿ ಒಂದು ಕಿಟಕಿ ಇದೆ. ಒಂದಕ್ಕಿಂತ ಹೆಚ್ಚು ಅಂತಸ್ತಿನ, ಅಥವಾ ನೆಲದಿಂದ ಸೂರಿನ ತುದಿಗೆ 12 ಅಡಿ ಇಲ್ಲವೇ ಅದಕ್ಕಿಂತ ಎತ್ತರ ಇರೋ ಕಟ್ಟಡದ ಕೆಲಸ ಮಾಡೋರು 1923ರ ಕಾಯ್ದೆಯ ಪಟ್ಟಿಯಲ್ಲಿ ಸೇರಿದ್ದರು. ನಮ್ಮ ಅಟ್ಟಗಳು 12 ಅಡಿ ಆರಾಮಾಗಿ ದಾಟುತ್ತವೆ. ಸರಿ, ಹಾಗಾದರೆ ಪರಿಹಾರ ಕೊಡಬೇಕಾದ ಯಜಮಾನ ಯಾರು? ಶೀಟು ಮಾಡಿದ ಕಂಪನಿ ಅಲ್ಲ, ಮಾರಿದ ಅಂಗಡಿಯವನಲ್ಲ. ಮನೆ ಕೆಲಸ ಗುತ್ತಿಗೆಗೆ ಕೊಟ್ಟ ಮಾಲೀಕನೂ ಸಾಮಾನ್ಯವಾಗಿ ಜಾರಿಕೊಳ್ತಾನೆ, ಸೂರು ಹೊದಿಸೋದು ಅವನ ವ್ಯಾಪಾರ ಅಲ್ಲವಲ್ಲ. ಕೊನೆಗೆ ಸಿಕ್ಕಿಬೀಳೋನು ಮೇಸ್ತ್ರಿ. ಯಾವ ಮೇಸ್ತ್ರಿ? ಅದೇ ಮಷಿನ್ ಹಿಡಿದು ಅದೇ ಧೂಳು ಕುಡಿಯೋನು. ಹೊಣೆ ಅನ್ನೋದು ಲಾರಿಯಿಂದ ಇಳಿದು, ಅಂಗಡಿ ದಾಟಿ, ಮಾಲೀಕನ ಹಜಾರ ದಾಟಿ, ಇವರೆಲ್ಲರಿಗಿಂತ ಬಡವನ ಹೆಗಲ ಮೇಲೆ ಬಂದು ಕೂರುತ್ತೆ. ಅವನ ಹತ್ತಿರ ಕೊಡೋಕೆ ಏನಿರುತ್ತೆ, ಮಣ್ಣು?

ಕಾರ್ಖಾನೆಯೊಳಗೆ ಮಾತ್ರ ಕಾನೂನು ಮಾಡಿ ಕೈತೊಳ್ಕೊಂಡರೆ ಏನಾಗುತ್ತೆ ಅನ್ನೋದನ್ನ ಊಹಿಸಬೇಕಾಗಿಲ್ಲ, ಬ್ರಿಟನ್ ನಮಗೋಸ್ಕರ ಮಾಡಿ ತೋರಿಸಿದೆ. ರಾಚ್‌ಡೇಲ್ ಊರಿನ ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದಿದ್ದ ನೆಲ್ಲಿ ಕರ್ಶಾ ಅನ್ನೋ ಹೆಣ್ಣುಮಗಳು 1924ರಲ್ಲಿ ತೀರಿಕೊಂಡಾಗ ವಯಸ್ಸು 33. ಕಾಯಿಲೆ ಕಾರ್ಖಾನೆಯದ್ದೇ ಅಂತ ಕಂಪನಿ ಒಪ್ಪಲೇ ಇಲ್ಲ. ಅವಳ ಶ್ವಾಸಕೋಶ ಪರೀಕ್ಷಿಸಿದ ವೈದ್ಯರ ವರದಿ ಅಲ್ಲಿಂದ ಮುಂದೆ ಸರ್ಕಾರದ ತನಕ ಹೋಗಿ, 1931ರಲ್ಲಿ ಅಲ್ಲಿ ನಿಯಮಗಳು ಬಂದವು. ಆದರೆ ಆ ನಿಯಮ ಇದ್ದದ್ದು ಕಲ್ನಾರಿನ ವಸ್ತು ತಯಾರಿಸೋರಿಗೆ. ತಯಾರಾದದ್ದನ್ನ ಹೊರಗೆ ಕತ್ತರಿಸೋ ಬಡಗಿ, ಪೈಪಿಗೆ ಸುತ್ತೋ ಪ್ಲಂಬರ್, ಹಡಗುಕಟ್ಟೆಯ ಕೂಲಿ ಲೆಕ್ಕಕ್ಕೇ ಬರಲಿಲ್ಲ. ಅವರ ತನಕ ಕಾನೂನು ತಲುಪೋಕೆ 1969 ಆಯ್ತು. ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಇವತ್ತಿಗೂ ಆ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಮೀಸೋಥೀಲಿಯೋಮಾದಿಂದ ಸಾಯ್ತಾರೆ, ಅವರಲ್ಲಿ ಕಟ್ಟಡ ಕೆಲಸದವರ ಪಾಲು ದೊಡ್ಡದು. ಬಡಗಿಗಳನ್ನ ಮರೆತದ್ದಕ್ಕೆ ಅರ್ಧ ಶತಮಾನ ಆದಮೇಲೂ ಬಡ್ಡಿ ಕಟ್ಟುತ್ತಿದ್ದಾರೆ. ನಾವು ಈಗ ಅವರ 1931ನ್ನ ಮತ್ತೆ ಆಡ್ತಿದ್ದೀವಿ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಪಕ್ಕದ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆ ಕಲ್ನಾರು ನೆಲದಲ್ಲೇ ಇದೆ ಅಂತ ಭೂವಿಜ್ಞಾನಿಗಳು ಹಿಂದೆಯೇ ಗುರುತಿಸಿದ್ದರು. ಅಗೆಯೋರ ಆರೋಗ್ಯಕ್ಕೆ ಕೇಡು ಅಂತ ದೇಶದಲ್ಲಿ 1986ರಿಂದಲೇ ಕಲ್ನಾರಿನ ಹೊಸ ಗಣಿ ಗುತ್ತಿಗೆ ಕೊಡೋದು ನಿಂತಿತು. ಒಳ್ಳೇದೇ ಆಯ್ತು. ಆದರೆ ಅದೇ ಕಲ್ನಾರನ್ನ ರಷ್ಯಾ, ಕಜಾಕಸ್ತಾನ, ಬ್ರೆಜಿಲ್‌ನಿಂದ ಹಡಗಿನಲ್ಲಿ ತರಿಸಿಕೊಳ್ಳೋದು ನಿಲ್ಲಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇದು ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು; ಜಗತ್ತಿನಲ್ಲೇ ಅತಿ ಹೆಚ್ಚು ತರಿಸಿಕೊಳ್ಳೋ ದೇಶ ನಮ್ಮದು. ನೆಲದಿಂದ ಅಗೆದರೆ ಅಪಾಯ, ಬಂದರಿನಲ್ಲಿ ಇಳಿಸಿದರೆ ಅಪಾಯ ಇಲ್ಲ ಅನ್ನೋ ಈ ತರ್ಕ ಯಾವ ಮೇಷ್ಟ್ರು ಕಲಿಸಿದ್ದು? ಮೂಟೆಗಟ್ಟಲೆ ನಾರನ್ನ ಹೊರಗೆ ಮಾರೋ ತೆಂಗಿನ ನಾಡಿಗೆ ರಷ್ಯಾದಿಂದ ಕಲ್ಲಿನ ನಾರು!

ಉದ್ಯಮದವರ ವಾದ ನನಗೆ ಗೊತ್ತು. ಒಂದು, ಬಿಳಿ ಕಲ್ನಾರು ಸಿಮೆಂಟಿನಲ್ಲಿ ಕಚ್ಚಿಕೊಂಡಿರುತ್ತೆ, ಸರಿಯಾಗಿ ಬಳಸಿದರೆ ತೊಂದರೆ ಇಲ್ಲ. ಎರಡು, ಇದು ಬಡವರ ಸೂರು, ಇದನ್ನ ಕಿತ್ತುಕೊಳ್ಳಬೇಡಿ.

ಮೊದಲನೆಯದು. ‘ಸರಿಯಾಗಿ ಬಳಸಿದರೆ’ ಅನ್ನೋ ಎರಡು ಪದದಲ್ಲಿ ಎಲ್ಲಾ ಇದೆ. ಸರಿಯಾಗಿ ಬಳಸೋದು ಹೇಗೆ ಅಂತ ಭಾರತೀಯ ಮಾನಕ ಬ್ಯೂರೋ ಐಎಸ್ 11769 ಅನ್ನೋ ಮಾರ್ಗಸೂಚಿಯನ್ನ 1987ರಲ್ಲೇ ಹೊರಡಿಸಿದೆ. ಸುರಕ್ಷಿತ ಕೆಲಸದ ಮೂಲ ಪಾಠ ದೊಡ್ಡ ವಿದ್ಯೆಯೇನಲ್ಲ: ಜೋರಾಗಿ ತಿರುಗೋ ಮಷಿನ್ ಬೇಡ, ಕೈಗರಗಸ ಸಾಕು, ಶೀಟು ಒದ್ದೆ ಮಾಡಿ ಕತ್ತರಿಸಿ, ಗಾಳಿ ಆಡೋ ಬಯಲಲ್ಲಿ ಮಾಡಿ, ಪುಡಿಯನ್ನ ಒಣಗಿದ್ದಾಗ ಗುಡಿಸಬೇಡಿ. ಸರಿ ಸ್ವಾಮಿ, ಇದನ್ನ ಫಿಟ್ಟರ್‌ಗೆ ಕನ್ನಡದಲ್ಲಿ ಹೇಳಿದೋರು ಯಾರು? ತಿಪಟೂರಿನ ಒಂದು ಅಂಗಡಿಯಲ್ಲಿ ಶೀಟಿನ ಬಿಲ್ ಕೇಳಿ ತಿರುಗಿಸಿ ನೋಡಿದೆ. ಒಡೆದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಕನ್ನಡದಲ್ಲಿ ದಪ್ಪಗೆ ಅಚ್ಚಾಗಿತ್ತು. ಧೂಳಿನ ಬಗ್ಗೆ ಒಂದಕ್ಷರ ಇರಲಿಲ್ಲ. ‘ಸುರಕ್ಷಿತ ಬಳಕೆ’ ಸಾಧ್ಯ ಅಂತ ದೆಹಲಿಯಲ್ಲಿ, ಜಿನೀವಾದಲ್ಲಿ ವಾದ ಮಾಡೋರು ಆ ಬಳಕೆಯನ್ನ ಹೊನ್ನವಳ್ಳಿಯ ತೋಟದ ಮನೆಯಲ್ಲಿ ತೋರಿಸಲಿ. ತೋರಿಸೋ ತನಕ ಅದು ವಾದ ಅಲ್ಲ, ಜಾಹೀರಾತು.

ಎರಡನೆಯದು, ಬಡವರ ಸೂರು. ಬಡವನಿಗೆ ಅಗ್ಗವಾಗಿ ಸಿಗೋದು ಯಾಕೆ ಅಂದ್ರೆ ಇನ್ನೊಬ್ಬ ಬಡವನ ಆಸ್ಪತ್ರೆ ಖರ್ಚನ್ನ ಬೆಲೆಯಲ್ಲಿ ಸೇರಿಸಿಲ್ಲ, ಅದಕ್ಕೆ. ಬದಲಿ ಇಲ್ಲ ಅನ್ನೋದೂ ಸುಳ್ಳು. ಬಣ್ಣದ ಲೋಹದ ಶೀಟು ಪ್ರತಿ ಊರಿನಲ್ಲೂ ಸಿಗ್ತಿದೆ. ಕಲ್ನಾರು ಇಲ್ಲದ ಸಿಮೆಂಟ್ ಶೀಟನ್ನ ಇದೇ ಉದ್ಯಮದ ಕಂಪನಿಯೇ ತಯಾರಿಸಿ ಮಾರ್ತಿದೆ. ಬೆಲೆ ಜಾಸ್ತಿ, ಹೌದು. ಆ ವ್ಯತ್ಯಾಸವನ್ನ ತೆರಿಗೆಯಲ್ಲಿ ಸರಿದೂಗಿಸಬಹುದು. ಅಷ್ಟಕ್ಕೂ ಕೊಬ್ಬರಿ ಗೋದಾಮು ಕಟ್ಟೋನು, ಮೂರು ಎಕರೆಗೆ ಸೋಲಾರ್ ಬೇಲಿ ಹಾಕಿಸೋನು, ಮಗಳ ಮದುವೆಗೆ ತಿಪಟೂರಿನಲ್ಲಿ ಛತ್ರ ಹಿಡಿಯೋನು ಬಡವರ ಹೆಸರಲ್ಲಿ ಶೀಟು ಹಾಕಿಸೋದು ಯಾವ ನ್ಯಾಯ?

ನಮ್ಮ ಓದುಗರಲ್ಲಿ ತುಂಬಾ ಜನ ಬಹುರಾಷ್ಟ್ರೀಯ ಕಂಪನಿಗಳಲ್ಲಿರೋರು. ನಿಮ್ಮ ಕಂಪನಿಯ ಲಂಡನ್ ಆಫೀಸಿನಲ್ಲಿ ಯಾರನ್ನಾದ್ರೂ ಕೇಳಿ ನೋಡಿ. ಅಲ್ಲಿ 2012ರ ನಿಯಮಗಳ ಪ್ರಕಾರ ಹಳೇ ಕಟ್ಟಡದಲ್ಲಿ ಕಲ್ನಾರು ಎಲ್ಲೆಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಹುಡುಕಿ ಬರೆದಿಡೋದು ಕಟ್ಟಡ ನೋಡಿಕೊಳ್ಳೋರ ಕರ್ತವ್ಯ. ಗೋಡೆಗೆ ಡ್ರಿಲ್ ಹಾಕೋಕೆ ಬಂದ ಎಲೆಕ್ಟ್ರಿಷಿಯನ್‌ಗೆ ಆ ಪುಸ್ತಕ ತೋರಿಸಬೇಕು. ಇಲ್ಲಿ ಅದೇ ಕಂಪನಿ ಹಳೇ ಕಟ್ಟಡ ಬಾಡಿಗೆಗೆ ಹಿಡಿದು, ಒಳಗಿನದ್ದೆಲ್ಲ ಒಡೆಸಿ ಹೊಸ ಇಂಟೀರಿಯರ್ ಮಾಡಿಸುವಾಗ, ರಾತ್ರಿ ಹೊತ್ತು ಒಡೆಯೋಕೆ ಬಂದ ಹುಡುಗರಿಗೆ ಯಾರು ಏನು ಹೇಳ್ತಾರೆ? ಆ ಕೆಲಸದ ಆರ್ಡರಿಗೆ ಸಹಿ ಹಾಕೋರು ನಿಮ್ಮ ಪಕ್ಕದ ಸೀಟಿನವರೇ ಇರಬಹುದು. ಕೇಳೋಕೆ ಒಂದು ಮೇಲ್ ಸಾಕು.

ಒಡೆದ ಶೀಟಿನ ಗತಿಯೂ ಇದೇ ಥರ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ಉದ್ಯಮದ ಎಸೆದ ಕಲ್ನಾರು, ಅದರ ಉಳಿಕೆ ಎರಡೂ ಇವೆ. ಅಂಥ ತ್ಯಾಜ್ಯವನ್ನ ಹೂಳೋ ಜಾಗ ನಾವು ಊರಿಗೆ ಹೋಗೋ ದಾರಿಯಲ್ಲೇ, ದಾಬಸ್‌ಪೇಟೆಯಲ್ಲಿದೆ. ಕಾರ್ಖಾನೆಯ ಚೂರಿಗೆ ಅಷ್ಟು ಮರ್ಯಾದೆ. ನಮ್ಮೂರಿನ ಚೂರು ಎಲ್ಲಿಗೆ ಹೋಗುತ್ತೆ? ಬಚ್ಚಲ ಮೋರಿಗೆ ಮುಚ್ಚಳ ಆಗುತ್ತೆ, ಕೋಳಿ ಗೂಡಿನ ಗೋಡೆ ಆಗುತ್ತೆ, ತೋಟದ ದಾರಿಯ ಗುಂಡಿಗೆ ಬಿದ್ದು ಟ್ರ್ಯಾಕ್ಟರ್ ಚಕ್ರದಡಿ ಪುಡಿಯಾಗುತ್ತೆ. ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆ ಆಡ್ತಾರೆ.

ಆಸ್ಪತ್ರೆಯ ಕಡೆಗೂ ಒಂದು ಮಾತು. 1700ರಲ್ಲೇ ಇಟಲಿಯ ವೈದ್ಯ ರಾಮಾಜಿನಿ ರೋಗಿಯನ್ನ ಕೇಳೋ ಪ್ರಶ್ನೆಗಳ ಜೊತೆ ಇನ್ನೊಂದನ್ನ ಸೇರಿಸಿಕೊಳ್ಳಿ ಅಂತ ಸಹೋದ್ಯೋಗಿಗಳಿಗೆ ಬುದ್ಧಿ ಹೇಳಿದ್ದ: ನೀನು ಏನು ಕೆಲಸ ಮಾಡ್ತೀಯ? ಮೂರು ಶತಮಾನ ಕಳೆದರೂ ಆ ಪ್ರಶ್ನೆ ನಮ್ಮ ಓಪಿಡಿ ಚೀಟಿಯಲ್ಲಿ ಜಾಗ ಪಡೆದಿಲ್ಲ. ಕೆಮ್ಮು, ದಮ್ಮು ಅಂತ ಬಂದ ಫಿಟ್ಟರ್‌ಗೆ ಬೀಡಿ ಬಿಡು ಅಂತಾರೆ, ಕಫದ ಪರೀಕ್ಷೆ ಮಾಡಿ ಟಿಬಿ ಇಲ್ಲ ಅಂತಾರೆ, ಪಂಪು ಬರೆದು ಕಳಿಸ್ತಾರೆ. ಯಾರೂ ಹುಡುಕದ ಕಾಯಿಲೆ ಯಾರ ಲೆಕ್ಕದಲ್ಲೂ ಬರಲ್ಲ. ಆಮೇಲೆ, ನೋಡಿ, ನಮ್ಮಲ್ಲಿ ಕೇಸುಗಳೇ ಇಲ್ಲವಲ್ಲ ಅಂತ ಅದನ್ನೇ ಸಾಕ್ಷಿ ಮಾಡಿಕೊಳ್ತಾರೆ.

ಹಾಗಾದರೆ ನಾನು ಕೇಳ್ತಿರೋದು ಏನು? ನಿಷೇಧ ಬೇಕು ಅನ್ನೋದು ನನ್ನ ನಿಲುವು, ಅದರಲ್ಲಿ ಮುಚ್ಚುಮರೆ ಇಲ್ಲ. ಯುರೋಪಿನ ಒಕ್ಕೂಟ 2005ರಲ್ಲಿ ಮಾಡಿತು, ಅಮೆರಿಕ ಬಿಳಿ ಕಲ್ನಾರಿಗೆ 2024ರಲ್ಲಿ ಮಾಡಿತು. ಆದರೆ ನಿಷೇಧ ಬರೋ ತನಕ ಫಿಟ್ಟರ್ ಉಸಿರು ಬಿಗಿಹಿಡಿದು ಕೂರೋಕಾಗಲ್ಲ. ನಾಳೆಯಿಂದಲೇ ಆಗಬಹುದಾದ ನಾಲ್ಕು ಕೆಲಸ ಇವೆ.

ಮೊದಲನೆಯದು ಕೇಂದ್ರದ್ದು. ಅಪಾಯಕಾರಿ ಕೆಲಸವಾದರೆ ಒಬ್ಬನೇ ಕೆಲಸಗಾರ ಇದ್ದರೂ ಅಧಿಸೂಚನೆ ಹೊರಡಿಸಿ ಹೊಸ ಸುರಕ್ಷತಾ ಸಂಹಿತೆಯನ್ನ ಅನ್ವಯಿಸೋ ಅಧಿಕಾರ ಸರ್ಕಾರಕ್ಕಿದೆ. ಕಲ್ನಾರಿನ ಶೀಟು ಕತ್ತರಿಸೋದು, ಕೀಳೋದು ಆ ಅಧಿಸೂಚನೆಯಲ್ಲಿ ಬರಲಿ. ಎರಡನೆಯದು, ಹೊಣೆ ಶೀಟಿನ ಜೊತೆಗೇ ಪ್ರಯಾಣ ಮಾಡಲಿ. ತಯಾರಿಸಿದೋರು ಪ್ರತಿ ಶೀಟಿನ ಮೇಲೆ ಕನ್ನಡದಲ್ಲಿ, ಅಳಿಸದ ಹಾಗೆ ಎಚ್ಚರಿಕೆ ಅಚ್ಚು ಹಾಕಲಿ. ಅಳತೆಗೆ ಕತ್ತರಿಸಿ ಕೊಡೋ ಕೆಲಸ ಧೂಳು ಹೀರೋ ಯಂತ್ರ ಇರೋ ಕಡೆ ಅವರೇ ಮಾಡಲಿ. ಒಡೆದ ಮಾಲನ್ನ ಅವರೇ ವಾಪಸ್ ತಗೊಳ್ಳಲಿ. ಮೂರನೆಯದು ರಾಜ್ಯದ್ದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಸೆಸ್ ದುಡ್ಡು ಸಾವಿರಾರು ಕೋಟಿ ಇದೆ. ಆ ದುಡ್ಡಲ್ಲಿ ಶೀಟು ಕೆಲಸದವರಿಗೆ ಸರಿಯಾದ ಮಾಸ್ಕು, ವರ್ಷಕ್ಕೊಂದು ಎದೆ ತಪಾಸಣೆ, 40 ವರ್ಷ ಉಳಿಯೋ ಒಂದು ಆರೋಗ್ಯ ದಾಖಲೆ ಕೊಡಲಿ. ಕೋರ್ಟು ಕಾರ್ಖಾನೆಗೆ ಹೇಳಿದ್ದನ್ನ ಕಾರ್ಖಾನೆ ಇಲ್ಲದವನಿಗೆ ಸರ್ಕಾರವೇ ಮಾಡಬೇಕು.

ನಾಲ್ಕನೆಯದು ನಮ್ಮದು. ಕಾನೂನು ನಮ್ಮನ್ನ ಯಜಮಾನ ಅಂತ ಕರೆಯದೇ ಇರಬಹುದು. ದುಡ್ಡು ಯಾರು ಕೊಡ್ತಾರೋ, ಯಾವ ಶೀಟು ಅಂತ ಯಾರು ಹೇಳ್ತಾರೋ, ಯಜಮಾನ ಅವರೇ. ಊರಿಂದ ಅಪ್ಪ ಫೋನ್ ಮಾಡಿ “ಅಟ್ಟದ ಶೀಟು ಹೋಗಿದೆ ಕಣಪ್ಪ, ಒಂದಿಷ್ಟು ದುಡ್ಡು ಹಾಕು” ಅಂದರೆ, ಹಾಕೋ ಮುಂಚೆ ಮೂರು ಮಾತು ಹೇಳಿ. ಕಲ್ನಾರು ಇಲ್ಲದ ಶೀಟು ತರಿಸಿ, ಹೆಚ್ಚಾದ ದುಡ್ಡು ನಾನು ಕೊಡ್ತೀನಿ ಅನ್ನಿ. ಹಳೇದನ್ನ ಒಡೆದು ಇಳಿಸೋದು ಬೇಡ, ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಲಿ ಅನ್ನಿ. ಮೇಲೆ ಹತ್ತೋರು ಹಲಗೆ ಹಾಕಿಕೊಂಡೇ ಓಡಾಡಲಿ, ಶೀಟು ಮುರಿದು ಕೆಳಗೆ ಬಿದ್ದು ಸತ್ತೋರೂ ಇದ್ದಾರೆ. ಟವಲು ಸಾಲದು, ಕಲ್ನಾರಿನ ಧೂಳಿಗೆ ತಕ್ಕ ಮಾಸ್ಕು ಎಷ್ಟು ಜನ ಇದ್ದಾರೋ ಅಷ್ಟು ಬೇಕು, ಒಂದು ದಿನ ಹಾಕಿದ್ದನ್ನ ಮಾರನೇ ದಿನ ಹಾಕಬಾರದು.

ಮತ್ತೆ, ಫಿಟ್ಟರ್ ಹೆಸರು, ತಾರೀಖು, ಯಾವ ಕಂಪನಿಯ ಶೀಟು, ಎಷ್ಟು ದಿನದ ಕೆಲಸ ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಅವರ ಕೈಗೆ ಕೊಡಿ. ಬಿಲ್ಲಿನ ಪ್ರತಿಯನ್ನೂ ಜೊತೆಗಿಡಿ. ಕಾನೂನು ಇವತ್ತು ಅದನ್ನ ಕೇಳಲ್ಲ. ಮೂವತ್ತು ವರ್ಷ ಆದಮೇಲೆ ಒಬ್ಬ ಮನುಷ್ಯ ಉಸಿರಿಗೆ ತಡಕಾಡ್ತಾ ಕೋರ್ಟಿನ ಮೆಟ್ಟಿಲು ಹತ್ತಿದರೆ, ನಾನು ಇಲ್ಲಿ ಕೆಲಸ ಮಾಡಿದ್ದೆ ಅಂತ ತೋರಿಸೋಕೆ ಅವನ ಹತ್ತಿರ ಇರೋ ಒಂದೇ ಕಾಗದ ಅದಾಗಿರಬಹುದು.